ಬೆಚ್ಚನೆಯ ಗೋಡೆ

ಗಡ್, ಗಡ್. ಸ್ವಲ್ಪ ಬಿಟ್ಟು ಮತ್ತೆ ಗಡ್, ಗಡ್.

ಬೆಳಕು ಹರಿಯುವ ಮುಂಚೆ ಅಟ್ಟದ ಮೇಲಿಂದ ಬರುವ ಸದ್ದು ಅದು. ಷಡಕ್ಷರಪ್ಪನವರು ಕಾಯಿ ಅಲ್ಲಾಡಿಸಿ ನೋಡುತ್ತಿದ್ದಾರೆ ಎಂದರ್ಥ. ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅದು ತನ್ನ ಪಾಡಿಗೆ ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದ ಮೇಲೆ ಅಲ್ಲಾಡಿಸಿದರೆ ಗಡ್ ಎನ್ನುತ್ತದೆ. ಇನ್ನೂ ಹಸಿಯಿದ್ದರೆ ಕುಳುಕ್ ಎನ್ನುತ್ತದೆ. ಅವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಕುಲುಕಿ, ಒಣಗಿದ್ದನ್ನು ಒಂದು ಮೂಲೆಗೆ, ಹಸಿಯನ್ನು ಇನ್ನೊಂದು ಮೂಲೆಗೆ ಉರುಳಿಸುತ್ತಾರೆ. ಅರಸೀಕೆರೆಯ ಆ ಬೀದಿಯಲ್ಲಿ ರೈಲು ಎಷ್ಟು ಕೂಗಿದರೂ ಯಾರಿಗೂ ಎಚ್ಚರವಾಗುವುದಿಲ್ಲ. ಈ ಮನೆಯವರು ಏಳುವುದು ಕಾಯಿಯ ಸದ್ದಿಗೆ.

ಕೆಳಗೆ ಮಲಗುವ ಕೋಣೆಯಲ್ಲಿ ಸೊಸೆ ಸಿಂಧು ಆಗಲೇ ಎದ್ದು ಕೂತಿದ್ದಳು. ಹತ್ತು ತಿಂಗಳ ಮಗ ಲಿಖಿತ್ ಅವಳ ಭುಜದ ಮೇಲಿದ್ದ. ಅವಳು ಕೇಳುತ್ತಿದ್ದದ್ದು ಬೇರೆ ಸದ್ದು. ಉಸಿರು ಬಿಟ್ಟಾಗಲೆಲ್ಲ ಮಗುವಿನ ಎದೆಯೊಳಗೆ ಸಣ್ಣದೊಂದು ಸಿಳ್ಳೆ, ಕಿಟಕಿಯ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಪಕ್ಕದಲ್ಲಿ ಐದು ವರ್ಷದ ಮಗಳು ಇಂಚರ ಮೊಣಕಾಲು ಮಡಚಿ ಮಲಗಿ, ನಿದ್ದೆಯಲ್ಲೇ ಕೆಮ್ಮುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಅತ್ತೆ ಸುವರ್ಣಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ದೊಡ್ಡಪತ್ರೆ ರಸದ ಬಟ್ಟಲು.

"ನಿನ್ನೆ ಏನ್ ತಿನ್ಸಿದೆ?"

ಆ ಚಳಿಗಾಲದಲ್ಲಿ ಸಿಂಧು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ. ಅತ್ತೆ ಕೇಳುತ್ತಿದ್ದರು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳುತ್ತಿದ್ದರು. ತಿಪಟೂರಿನ ಚಿಕ್ಕತ್ತೆ ಫೋನಿನಲ್ಲಿ ಕೇಳುತ್ತಿದ್ದರು. ಅಂಗನವಾಡಿಯ ಬಾಗಿಲಲ್ಲಿ, ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ, ಕೊನೆಗೆ ಸೊಪ್ಪು ಮಾರಲು ಬರುವ ಚಲುವಮ್ಮ ಕೂಡ ತಲೆ ಮೇಲಿನ ಕುಕ್ಕೆ ಇಳಿಸುವ ಮೊದಲೇ, "ಏನ್ ತಿನ್ಸಿದ್ರವ್ವಾ ಮಗೀಗೆ?" ಎನ್ನುತ್ತಿದ್ದಳು. ಕೇಳುವವರೆಲ್ಲ ಒಳ್ಳೆಯವರೇ. ಮಗುವಿನ ಕೆನ್ನೆ ಸವರಿಯೇ ಕೇಳುತ್ತಿದ್ದರು. ಆದರೆ ಆ ಪ್ರಶ್ನೆಯೊಳಗೆ ಉತ್ತರವೂ ಕೂತಿರುತ್ತಿತ್ತು. ತಾಯಿ ಏನೋ ಮಾಡಿದ್ದಾಳೆ.

ಬಾಳೆಹಣ್ಣು ಕೊಟ್ಟೆಯಾ ಎಂದರು, ನಿಲ್ಲಿಸಿದಳು. ಮೊಸರನ್ನ ಕೊಟ್ಟೆಯಾ ಎಂದರು, ಅದನ್ನೂ ನಿಲ್ಲಿಸಿದಳು. ಮಗು ಇನ್ನೂ ಎದೆಹಾಲು ಕುಡಿಯುತ್ತದೆ, ತಾಯಿ ತಿಂದದ್ದೇ ಅದಕ್ಕೆ ಇಳಿಯುತ್ತದೆ ಎಂದರು. ಅಲ್ಲಿಗೆ ಸಿಂಧುವಿನ ತಟ್ಟೆಯಿಂದಲೂ ಒಂದೊಂದೇ ಖಾಲಿಯಾಯಿತು. ಮಜ್ಜಿಗೆ ಹೋಯಿತು, ಸೌತೆಕಾಯಿ ಹೋಯಿತು, ಸೋರೆಕಾಯಿ ಹೋಯಿತು. ಮೂರು ವಾರದಿಂದ ಅವಳು ಬಿಸಿ ಅನ್ನಕ್ಕೆ ಮೆಣಸಿನ ಸಾರು ಮಾತ್ರ ಕಲಸಿಕೊಂಡು ಉಣ್ಣುತ್ತಿದ್ದಳು. ತಲೆಗೆ ನೀರು ಹಾಕಿಕೊಂಡರೆ ಮಗುವಿಗೆ ನೆಗಡಿಯಾಗುತ್ತದೆ ಎಂದದ್ದಕ್ಕೆ ಹತ್ತು ದಿನದಿಂದ ತಲೆಯೂ ತೊಳೆದಿರಲಿಲ್ಲ. ಬೇಲೂರಿನ ಕಾಲೇಜಿನಲ್ಲಿ ಬಿಕಾಂ ಮಾಡಿ, ಎರಡು ವರ್ಷ ಸಹಕಾರ ಸಂಘದಲ್ಲಿ ಕೆಲಸ ಮಾಡಿ ಬಂದ ಹುಡುಗಿ ಇದನ್ನೆಲ್ಲ ನಂಬಿದಳೇ ಎಂದು ಕೇಳಬಹುದು. ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಕ್ಕೆ ಎಳೆಯುವುದನ್ನು ನೋಡುತ್ತ ಕೂತವರು ಯಾವುದನ್ನು ಬೇಕಾದರೂ ನಂಬುತ್ತಾರೆ.

ಆ ಮನೆಗೆ ಸೀಬೆಹಣ್ಣು ಮಾತ್ರ ಯಾವ ಕಾಲದಲ್ಲೂ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಸಿಂಧು ಸಂತೆಯಿಂದ ನಾಲ್ಕು ಸೀಬೆಹಣ್ಣು ತಂದಿದ್ದಳು. ಅತ್ತೆ ಅವನ್ನು ಎತ್ತಿಕೊಂಡು ಹೋಗಿ ಹಸುವಿಗೆ ಹಾಕಿ ಬಂದರು. ಆಮೇಲೆ ಗಂಡ ರಾಜಶೇಖರ್ ಕೋಣೆಯಲ್ಲಿ ಮೆಲ್ಲಗೆ ಹೇಳಿದ. ಅವನಿಗಿಂತ ಮುಂಚೆ ಒಬ್ಬ ಅಣ್ಣ ಇದ್ದನಂತೆ. ಎರಡು ವರ್ಷದವನು. ಒಂದು ಚಳಿಗಾಲ ಎದೆ ಕಟ್ಟಿ ಹೋಗಿಬಿಟ್ಟನಂತೆ. ಹಿಂದಿನ ದಿನ ಅಮ್ಮ ಅವನಿಗೆ ಸೀಬೆಹಣ್ಣು ತಿನ್ನಿಸಿದ್ದರಂತೆ. "ಅದೊಂದು ವಿಷಯ ಅಮ್ಮನ ಮುಂದೆ ಎತ್ತಬೇಡ," ಎಂದಿದ್ದ. ಆ ಮಗುವಿನ ಹೆಸರೇನು ಎಂದು ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ.

ಈ ವರ್ಷ ನವೆಂಬರ್ ಕೊನೆಗೆ, ಮಳೆ ಬರಬಾರದ ಹೊತ್ತಿನಲ್ಲಿ, ಐದು ದಿನ ಬಿಡದೆ ಜಿನುಗಿತು. ಸಮುದ್ರದಲ್ಲಿ ಎಲ್ಲೋ ಚಂಡಮಾರುತ ಎಂದರು. ಮಳೆ ನಿಂತ ಮೇಲೆ ಮಂಜು ಹಿಡಿಯಿತು. ಹತ್ತು ಗಂಟೆಯಾದರೂ ಸ್ಟೇಷನ್ನಿನ ಕಡೆಯ ದೀಪಗಳು ಹಾಗೇ ಉರಿಯುತ್ತಿದ್ದವು. ಅಟ್ಟದ ಮೇಲೆ ತಂಪು ಕೂತರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಹನ್ನೊಂದು ತಿಂಗಳು ಕಾದದ್ದು ಹದಿನೈದು ದಿನದಲ್ಲಿ ಕೆಡುತ್ತದೆ. ಅದಕ್ಕೆ ಈ ಕಡೆ ಹಳಬರು ಮಾಡುವ ಉಪಾಯ ಒಂದಿದೆ. ಅಟ್ಟದ ಕೆಳಗಿನ ಕೋಣೆಯಲ್ಲಿ ಕಾಯಿಮಟ್ಟೆ, ಅಂದರೆ ತೆಂಗಿನಕಾಯಿಯ ನಾರುಸಿಪ್ಪೆ, ಪೇರಿಸಿ, ಉರಿ ಏಳದ ಹಾಗೆ, ಹಗಲೂ ರಾತ್ರಿ ಬರೀ ಕೆಂಡ ಕನಲುತ್ತಿರುವಂತೆ ಇಡುವುದು. ಷಡಕ್ಷರಪ್ಪನವರೂ ಹಾಗೇ ಮಾಡಿದರು. ಹಲಗೆಯ ಸಂದಿಯಲ್ಲಿ ಕಾವು ಮೇಲೇರಿ ಕಾಯಿಗಳು ಬೆಚ್ಚಗಾದವು.

ಗೋಡೆಯೂ ಬೆಚ್ಚಗಾಯಿತು. ಬೆಂಕಿಯ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇರುವುದು ಒಂದು ಹಳೆಯ ಮಣ್ಣಿನ ಗೋಡೆ, ಅದರ ನೆತ್ತಿಯಲ್ಲಿ ತೊಲೆ ಹಾದುಹೋದ ಕಡೆ ಒಂದು ಕೈ ಹಿಡಿಸುವಷ್ಟು ಕಿಂಡಿ. "ಮಕ್ಳನ್ನ ಈ ಕಡೆಗೆ ಮಲಗ್ಸೇ, ಗೋಡೆ ಹೆಂಗೆ ಬೆಚ್ಚಗೈತೆ ನೋಡು," ಎಂದರು ಸುವರ್ಣಮ್ಮ. ಸಿಂಧು ಅಂಗೈ ಇಟ್ಟು ನೋಡಿದಳು. ಕಂಬಳಿಯ ಒಳಗೆ ಕೈ ಇಟ್ಟ ಹಾಗಿತ್ತು. ಆ ದಿನವೇ ಹಾಸಿಗೆ ಹೊತ್ತು ತಂದು, ಮಕ್ಕಳಿಬ್ಬರನ್ನೂ ಗೋಡೆಗೆ ಒತ್ತಿ ಮಲಗಿಸಿದಳು. ಯಾರೂ ಬಲವಂತ ಮಾಡಲಿಲ್ಲ. ತನ್ನ ಕೈಯಾರೆ ಮಾಡಿದಳು, ಸಂತೋಷದಿಂದ ಮಾಡಿದಳು.

ನಾಲ್ಕನೇ ದಿನಕ್ಕೆ ಕೆಮ್ಮು ಶುರುವಾಯಿತು. ವಾರಕ್ಕೆ ಸಿಳ್ಳೆ.

ಮಕ್ಕಳ ಡಾಕ್ಟರು ರಮಾ ಎಂಬುವರು. ಅವರ ಕ್ಲಿನಿಕ್ಕಿನ ಬೆಂಚಿನ ಮೇಲೆ ಆ ತಿಂಗಳು ಜಾಗವೇ ಇರುತ್ತಿರಲಿಲ್ಲ. ಎಲ್ಲ ಮಕ್ಕಳಿಗೂ ಟೋಪಿ, ಎಲ್ಲ ತಾಯಂದಿರಿಗೂ ನಿದ್ದೆಗೆಟ್ಟ ಕಣ್ಣು. ಸಿಂಧುವಿನ ಜೊತೆ ಅತ್ತೆಯೂ ಬಂದಿದ್ದರು. ಡಾಕ್ಟರು ಲಿಖಿತ್‌ನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆವಿ ಮೆಷಿನ್ನಿನ ಮುಖವಾಡ ಹಾಕಿಸಿದರು. ಮಗು ಅತ್ತು ಅತ್ತು ಸುಸ್ತಾಗಿ, ಆಮೇಲೆ ಸ್ವಲ್ಪ ಸಲೀಸಾಗಿ ಉಸಿರಾಡಿತು.

"ಮನೇಲಿ ಯಾರಾದ್ರೂ ಸಿಗರೇಟ್, ಬೀಡಿ ಸೇದ್ತಾರಾ?"

"ಅಯ್ಯೋ ಶಿವನೇ," ಎಂದರು ಸುವರ್ಣಮ್ಮ, ಸಿಂಧು ಬಾಯಿ ತೆರೆಯುವ ಮುಂಚೆಯೇ. "ನಮ್ಮನೇಲಿ ಮೂರು ತಲೆಮಾರಿಂದ ಯಾರೂ ಅಂಥದ್ದು ಮುಟ್ಟಿಲ್ಲ ಡಾಕ್ಟ್ರೇ. ಮಠದ ಸ್ವಾಮಿಗಳು ಬಂದು ಕೂತು ಪ್ರಸಾದ ಮಾಡಿರೋ ಮನೆ ಅದು."

ಡಾಕ್ಟರು ನಕ್ಕು, ಹೊರಗೆ ಕಾಯುತ್ತಿದ್ದ ಹದಿನೈದು ಮಕ್ಕಳ ಕಡೆ ಒಮ್ಮೆ ನೋಡಿ, ಚೀಟಿ ಬರೆದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಸಿಂಧುವಿಗೂ ಒಳಗೊಳಗೇ ಒಂದು ಹೆಮ್ಮೆಯಾಯಿತು. ತಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ!

ಔಷಧಿಯಿಂದ ಎರಡು ದಿನ ಇಳಿಯುವುದು, ಮೂರನೇ ದಿನ ಮತ್ತೆ ಏರುವುದು. ಹೀಗೇ ಮೂರು ವಾರ. ಅತ್ತೆ ಮಗುವಿನ ಕೈಗೆ ಬಜೆ ಕಟ್ಟಿದರು. ರಾಜಶೇಖರ್ ಯಾವುದಕ್ಕೂ "ನೋಡೋಣ" ಎನ್ನುವವನು, ಇದಕ್ಕೂ "ನೋಡೋಣ, ಚಳಿ ಕಮ್ಮಿಯಾಗ್ಲಿ" ಎಂದ. ಷಡಕ್ಷರಪ್ಪನವರು ಮೊಮ್ಮಗನನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಶತಪಥ ತಿರುಗಿದರು. ಅವರಿಗೆ ಮಕ್ಕಳೆಂದರೆ ಜೀವ. ಕೋಣೆಯ ಬೆಂಕಿ ಆರದಂತೆ ಮಟ್ಟೆ ಹಾಕಲು ಹೋಗುವಾಗ ಮಾತ್ರ ಮಗುವನ್ನು ಕೆಳಗಿಳಿಸುತ್ತಿದ್ದರು.

ಡಿಸೆಂಬರ್ ಕೊನೆಯ ವಾರ ಹಳೇಬೀಡಿನಲ್ಲಿ ಸಿಂಧುವಿನ ಅಣ್ಣನ ಮಗಳಿಗೆ ನಾಮಕರಣ. ಸೋದರತ್ತೆ ಇಲ್ಲದೆ ಹೆಸರಿಡುವ ಹಾಗಿಲ್ಲ.

"ಹೋಗ್ಲೇಬೇಕು ಅಂದ್ರೆ ಹೋಗು," ಎಂದರು ಸುವರ್ಣಮ್ಮ. "ಆದ್ರೆ ಅಲ್ಲಿ ಕೆರೆ ಗಾಳಿ. ಈ ಮಕ್ಳು ತಡ್ಕಂತಾವಾ? ನಾಳೆ ಹೆಚ್ಚುಕಮ್ಮಿ ಆದ್ರೆ ನಿನ್ನ ತಲೆ ಮೇಲೇ ಬರೋದು."

ಸಿಂಧು ಹೋದಳು. ಹಳೇಬೀಡಿನ ಬಸ್ ಸ್ಟ್ಯಾಂಡಿನ ಹತ್ತಿರ ಅವಳ ಅಪ್ಪ ಉದಯಕುಮಾರ್ ಅವರ ಚಪ್ಪಲಿ ಅಂಗಡಿ, ಹಿಂದೆಯೇ ಮನೆ, ಮನೆಯ ಹಿತ್ತಿಲಿಂದ ಕೆರೆ ಕಾಣುತ್ತದೆ. ಬ್ಯಾಗು ಬಿಚ್ಚಿದ ಅಮ್ಮ ಮಾಲಿನಿ ಮೂಗು ಮುಚ್ಚಿಕೊಂಡರು. "ಇದೇನೇ, ಬಟ್ಟೆಯೆಲ್ಲ ಮಟ್ಟೆ ಹೊಗೆ ನಾತ! ಒಲೆ ಮೇಲೆ ಮಡಚಿಟ್ಟಿದ್ಯಾ?" ಎಂದು ಎಲ್ಲವನ್ನೂ ಒಗೆದು ಹಾಕಿದರು. ಆಮೇಲೆ ಮೊಮ್ಮಗನ ಎದೆಗೆ ಕಿವಿಯಿಟ್ಟು, ತಲೆಯೆತ್ತಿ, "ಏನ್ ತಿನ್ಸಿದ್ಯೇ ಇವನಿಗೆ?" ಎಂದರು.

ಸಿಂಧುವಿಗೆ ಅಲ್ಲೇ ಕೂತು ಅಳಬೇಕು ಎನಿಸಿತು. ಅಳಲಿಲ್ಲ. "ಏನೂ ಇಲ್ಲಮ್ಮ. ಏನೂ ತಿನ್ಸಿಲ್ಲ. ನಾನೂ ಏನೂ ತಿಂದಿಲ್ಲ," ಎಂದಳು.

ಅಮ್ಮ ಅವಳ ಮುಖವನ್ನೇ ನೋಡಿದರು. ಒಳಗೆ ಹೋಗಿ ಒಂದು ತಟ್ಟೆ ಮೊಸರನ್ನ ಕಲಸಿ ತಂದು ಅವಳ ಮುಂದೆ ಇಟ್ಟರು. "ತಿನ್ನು. ಆದದ್ದಾಗ್ಲಿ."

ಏನೂ ಆಗಲಿಲ್ಲ. ನಾಮಕರಣದ ಗದ್ದಲದಲ್ಲಿ ಇಂಚರ ಬಾಳೆಹಣ್ಣು ತಿಂದಳು, ಮಂಜಿನಲ್ಲಿ ಕೆರೆ ಏರಿಯ ಮೇಲೆ ಓಡಿದಳು, ನೀರಿಗೆ ಕಲ್ಲೆಸೆದಳು. ಮೂರನೇ ದಿನ ಬೆಳಿಗ್ಗೆ ಸಿಂಧು ಎದ್ದಾಗ ಹೊತ್ತು ಮೇಲೆ ಬಂದಿತ್ತು. ಮಗು ರಾತ್ರಿಯಿಡೀ ಎಬ್ಬಿಸಿರಲಿಲ್ಲ. ಹೆದರಿ ಎದೆಗೆ ಕಿವಿಯಿಟ್ಟಳು. ಸಿಳ್ಳೆ ಇರಲಿಲ್ಲ. ಹಿತ್ತಿಲಲ್ಲಿ ನೀರುಕಾಗೆ ಕೂಗುವುದು ಕೇಳುವಷ್ಟು ಎದೆ ಸದ್ದಿಲ್ಲದೆ ಇತ್ತು.

ಐದನೇ ದಿನ ವಾಪಸು ಅರಸೀಕೆರೆ. ಎರಡು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಂಚರ ಕೆಮ್ಮುತ್ತಿದ್ದಳು, ಲಿಖಿತ್‌ನ ಪಕ್ಕೆ ಎಳೆಯುತ್ತಿತ್ತು.

"ನಾನ್ ಹೇಳ್ಲಿಲ್ವಾ?" ಎಂದರು ಸುವರ್ಣಮ್ಮ. "ಕೆರೆ ಗಾಳಿ. ಅಲ್ಲಿ ಏನೇನ್ ತಿನ್ಸಿದೆ ನಿಜ ಹೇಳು."

ಸಿಂಧು ಒಂದು ಬಟ್ಟೆಯಿಂದ ಮಗುವಿನ ಮೂಗು ಒರೆಸಿದಳು. ಹಳೇಬೀಡಿನಲ್ಲಿ ಅಮ್ಮ ಒಗೆದು ಮಡಚಿ ಕೊಟ್ಟಿದ್ದ ಬಿಳಿ ಪಂಚೆಯ ತುಂಡು ಅದು. ಒರೆಸಿದ್ದನ್ನು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಬಟ್ಟೆಯ ಮೇಲೆ ಕಾಡಿಗೆ ತೀಡಿದಂಥ ಒಂದು ಗೆರೆ. ಇಂಚರಳನ್ನು ಕರೆದು ಅವಳ ಮೂಗನ್ನೂ ಒರೆಸಿದಳು. ಅದೇ ಕಪ್ಪು. ಮಗುವಿನ ನೆತ್ತಿಗೆ ಮೂಗು ತಾಗಿಸಿದಳು. ನಿನ್ನೆ ತಾನೇ ಎರೆದ ತಲೆ, ಮಟ್ಟೆ ಹೊಗೆ ನಾರುತ್ತಿತ್ತು. ಅವಳು ನಿಧಾನವಾಗಿ ತಲೆಯೆತ್ತಿ, ಗೋಡೆಯ ನೆತ್ತಿಯಲ್ಲಿ ತೊಲೆಯ ಪಕ್ಕದ ಕಿಂಡಿಯನ್ನು ನೋಡಿದಳು. ಸಪೂರ ನೂಲಿನ ಹಾಗೆ ನೀಲಿಯೊಂದು ಎಳೆ ಅಲ್ಲಿಂದ ಇಳಿದು, ಹಾಸಿಗೆಯ ಮೇಲೆ ಹರಡಿಕೊಳ್ಳುತ್ತಿತ್ತು. ಒಂದು ತಿಂಗಳು ದಿನವೂ ನೋಡಿದ್ದಳು. ಮಂಜಿರಬೇಕು ಎಂದುಕೊಂಡಿದ್ದಳು.

ಮಕ್ಕಳ ಹಾಸಿಗೆಯನ್ನು ಆ ಕ್ಷಣವೇ ಪಡಸಾಲೆಗೆ ಎಳೆದು ಹಾಕಿದಳು. ಅಲ್ಲಿಯೂ ಅದೇ ವಾಸನೆ. ಇಡೀ ಮನೆಯೇ ಒಂದು ಅಟ್ಟವಾಗಿತ್ತು. ಮಗುವನ್ನು ಎತ್ತಿಕೊಂಡು ಒಬ್ಬಳೇ ಡಾಕ್ಟರ ಹತ್ತಿರ ಹೋದಳು, ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ರಮಾ ಕನ್ನಡಕ ತೆಗೆದರು.

"ನಾನು ಕೇಳಿದ್ದೆ ಅಲ್ವಮ್ಮಾ, ಹೊಗೆ ವಿಷಯ?"

"ನೀವು ಸಿಗರೇಟ್ ಕೇಳಿದ್ರಿ ಮೇಡಂ."

ಡಾಕ್ಟರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೌದು," ಎಂದರು. "ಅದನ್ನೇ ಕೇಳಿದೆ." ಆಮೇಲೆ ಮಗುವಿಗೆ ಮುಖವಾಡ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದರು. "ಚಳಿಗಾಲದ ನೆಗಡಿ ಎಲ್ಲ ಮಕ್ಕಳಿಗೂ ಬರುತ್ತೆ, ಹೋಗುತ್ತೆ. ಈ ಹೊಗೆ ಇರೋ ತನಕ ನಿಮ್ಮ ಮಕ್ಕಳದ್ದು ಹೋಗಲ್ಲ. ಇನ್ನೊಂದು ಸಲ ಹೀಗೆ ಪಕ್ಕೆ ಎಳೆದ್ರೆ ಹಾಸನಕ್ಕೆ ಅಡ್ಮಿಟ್‌ಗೆ ಬರೀಬೇಕಾಗುತ್ತೆ. ಬೆಂಕಿ ಆರಿಸಿ, ಇಲ್ಲಾ ಮಕ್ಕಳನ್ನ ಆ ಮನೆಯಿಂದ ಆಚೆ ಇಡಿ."

ಆ ಮಧ್ಯಾಹ್ನ ಊಟದ ಹೊತ್ತಿಗೆ ಸಿಂಧು ಬಟ್ಟೆಯನ್ನು ಎಲ್ಲರ ಮುಂದೆ ಇಟ್ಟಳು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

"ಹೊಗೆ?" ಷಡಕ್ಷರಪ್ಪನವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಮಟ್ಟೆ ಹೊಗೆ ಏನ್ ಮಾಡ್ತದಮ್ಮಾ? ನಾನು ಹುಟ್ಟಿದ್ದೇ ಈ ಹೊಗೇಲಿ. ನಮ್ಮಪ್ಪ ಹುಟ್ಟಿದ್ದೂ ಇದ್ರಲ್ಲೇ."

"ಡಾಕ್ಟ್ರು ಹೇಳಿದಾರೆ ಮಾವ."

"ಡಾಕ್ಟ್ರು ಹೇಳ್ತಾರೆ. ಅವ್ರಿಗೇನು ಅಟ್ಟ ಐತಾ? ಇನ್ನು ಹದಿನೈದೇ ದಿನ ಕಣಮ್ಮ. ಸಂಕ್ರಾಂತಿಗೆ ಬಿಸಿಲು ಬಿದ್ಬಿಡ್ತದೆ, ನಾನೇ ಆರಿಸ್ತೀನಿ. ಈಗ ಆರಿಸಿದ್ರೆ ಅರ್ಧಕ್ಕರ್ಧ ಬೂಷ್ಟು."

"ನೋಡೋಣ," ಎಂದ ರಾಜಶೇಖರ್.

"ಇನ್ನೇನು ನೋಡ್ತೀರ್ರೀ?" ಸಿಂಧುವಿನ ದನಿ ಏರಲಿಲ್ಲ. ಬಟ್ಟೆಯನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದಳು. "ಇಲ್ಲಿದೆ, ನೋಡಿ. ಒಂದು ತಿಂಗಳು ನಾನು ಮಜ್ಜಿಗೆ ಬಿಟ್ಟೆ, ಹಣ್ಣು ಬಿಟ್ಟೆ. ತಲೆ ತೊಳೀಲಿಲ್ಲ. ಊರಿಗೆ ಊರೇ ನನ್ನ ತಟ್ಟೆ ನೋಡ್ತು. ಈ ಕಿಂಡಿ ಒಬ್ರೂ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ನಾನೇ ನನ್ನ ಕೈಯಾರೆ ಮಕ್ಕಳನ್ನ ತಂದು ಇದ್ರ ಕೆಳಗೆ ಮಲಗಿಸಿದೆ." ಅವಳು ಮಾವನ ಕಡೆ ತಿರುಗಿದಳು. "ದಿನಾ ಬೆಳಿಗ್ಗೆ ಅಷ್ಟು ಕಾಯಿಗೂ ಒಂದೊಂದಾಗಿ ಕಿವಿ ಕೊಡ್ತೀರಲ್ಲ ಮಾವ. ಒಳಗೆ ಹಸಿ ಇದೆಯಾ, ಒಣಗಿದೆಯಾ ಅಂತ ಸದ್ದಲ್ಲೇ ಹೇಳ್ತೀರ. ಇವನ ಎದೆಗೆ ಒಂದೇ ಒಂದು ದಿನ ಕಿವಿ ಇಟ್ಟಿದ್ರೆ ಆಗ್ತಿರ್ಲಿಲ್ವಾ?"

ಸುವರ್ಣಮ್ಮ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತಿದ್ದರು. ಇಂಥ ಮಾತಿಗೆ ಎಗರಿ ಬೀಳುವವರು. ಇವತ್ತು ಮಾತ್ರ ಅವರ ಕಣ್ಣು ಆ ಕರೀ ಗೆರೆಯ ಮೇಲೇ ಇತ್ತು. ಕತ್ತಲಾಗುವ ಮುಂಚೆ ಅವರು ಬೆಂಕಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದನ್ನು ಸಿಂಧು ನೋಡಿದಳು.

ಆ ರಾತ್ರಿ ಮಕ್ಕಳನ್ನು ಕರೆದುಕೊಂಡು ಪಕ್ಕದ ಮನೆಯ ಹೊರಕೋಣೆಯಲ್ಲಿ ಮಲಗಿದಳು. ಬೆಳಿಗ್ಗೆ ಬಂದು ಬ್ಯಾಗು ತುಂಬಿದಳು. ಎಂಟೂವರೆಗೆ ಜಾವಗಲ್ ಮೇಲೆ ಹಳೇಬೀಡಿಗೆ ಬಸ್ಸು, ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ರಾಜಶೇಖರ್ ಬ್ಯಾಗು ಎತ್ತಿಕೊಂಡು, ಇಂಚರಳ ಕೈ ಹಿಡಿದು ಮುಂದೆ ಹೋದ. ಇವತ್ತು ಅವನು "ನೋಡೋಣ" ಎನ್ನದೆ ಇದ್ದದ್ದೇ ದೊಡ್ಡದು. ಸಿಂಧು ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಜಗಲಿಗೆ ಬಂದಳು.

ಷಡಕ್ಷರಪ್ಪನವರು ಏಣಿ ಇಳಿದು ಹಿಂದೆಯೇ ಬಂದರು. ಕೈಯಲ್ಲಿ ಒಂದು ಕಾಯಿ ಹಾಗೇ ಇತ್ತು.

"ಹಬ್ಬದ ಹತ್ತಿರ ಸೊಸೆ ಮಕ್ಳನ್ನ ಎತ್ಕಂಡು ತೌರಿಗೆ ಹೋದ್ಲು ಅಂದ್ರೆ ಜನ ಏನಂತಾರಮ್ಮಾ?"

"ಬೆಂಕಿ ಆರಿದ ದಿನ ಒಂದು ಫೋನ್ ಮಾಡಿ ಮಾವ. ಅವತ್ತೇ ಬರ್ತೀನಿ."

"ಅಲ್ಲ, ಹದಿನೈದು ದಿನಕ್ಕೆ ಇಷ್ಟೊಂದು..."

"ಇಂದ್ರೇಶ," ಎಂದರು ಒಳಗಿನಿಂದ ಸುವರ್ಣಮ್ಮ.

ಇಬ್ಬರೂ ತಿರುಗಿ ನೋಡಿದರು. ಅವರು ಹೊಸ್ತಿಲ ಒಳಗೆ ಗೋಡೆ ಹಿಡಿದು ನಿಂತಿದ್ದರು.

"ಇಂದ್ರೇಶನೂ ಆ ಗೋಡೆ ಪಕ್ಕದಾಗೇ ಮಲಗ್ತಿದ್ದ ಕಣ್ರೀ. ಆ ವರ್ಷಾನೂ ಮಳೆ ಹಿಡ್ಕಂಡಿತ್ತು. ಆ ವರ್ಷಾನೂ ಮಟ್ಟೆ ಹಾಕಿದ್ರಿ." ಅವರು ಗಂಡನ ಜೊತೆ ಮಾತಾಡುತ್ತಿದ್ದರೂ ನೋಡುತ್ತಿದ್ದದ್ದು ಸಿಂಧುವಿನ ಭುಜದ ಮೇಲಿನ ಮಗುವನ್ನು. "ನಾನು ಕೊಟ್ಟಿದ್ದು ಒಂದು ಹೋಳು. ಒಂದೇ ಒಂದು ಹೋಳು. ನಿಮ್ಮವ್ವ ತಿಥಿ ದಿನಾನೂ ಬಿಡ್ಲಿಲ್ಲ, ಏನ್ ತಿನ್ಸಿದೆ ಹೇಳು, ಏನ್ ತಿನ್ಸಿದೆ ಹೇಳು ಅಂತ. ಮೂವತ್ತಾರು ವರ್ಷ ಆಯ್ತು."

"ಅದೆಲ್ಲ ಈಗ್ಯಾಕೆ ತೆಗೀತೀಯೇ," ಎಂದರು ಷಡಕ್ಷರಪ್ಪ. ದನಿಯಲ್ಲಿ ಬಲವಿರಲಿಲ್ಲ.

ಸುವರ್ಣಮ್ಮ ಜಗಲಿಗೆ ಬಂದರು. ಸೆರಗಿನ ತುದಿಯಿಂದ ಮಗುವಿನ ಮೂಗು ಒರೆಸಿ, ಸೆರಗನ್ನು ಬಿಡಿಸಿ ನೋಡಿದರು. ಮಗುವಿನ ಟೋಪಿ ಎಳೆದು ಕಿವಿ ಮುಚ್ಚಿದರು.

"ಹಳೇಬೀಡಲ್ಲಿ ಸೀಬೆಹಣ್ಣು ಸಿಕ್ತದೇನೇ ಈಗ?"

"ಸಿಗುತ್ತೆ ಅತ್ತೆ."

"ಒಳ್ಳೇದು ನೋಡಿ ತಗೋ. ಇಂಚರಂಗೆ ಕೊಡು. ನಾನ್ ಹೇಳ್ದೆ ಅಂತ ಹೇಳಿ ಕೊಡು."

"ಈ ಚಳೀಲಿ ಸೀಬೆಹಣ್ಣಾ?" ಅಭ್ಯಾಸದಿಂದ, ಯೋಚಿಸದೆಯೇ, ಷಡಕ್ಷರಪ್ಪನವರ ಬಾಯಿಂದ ಬಂದುಬಿಟ್ಟಿತು. "ತಿನ್ಸಿ ಆಮೇಲೆ ಮಗೀಗೆ ಏನಾರ..."

ಬೀದಿಯ ತುದಿಯಲ್ಲಿ ಬಸ್ಸು ಹಾರನ್ ಹೊಡೆಯಿತು. ಎರಡು ಮೆಟ್ಟಿಲು ಇಳಿದಿದ್ದ ಸಿಂಧು ತಿರುಗಿದಳು. ಸುವರ್ಣಮ್ಮನ ಮುಖ ನೋಡಿದಳು, ಮಾವನ ಕೈಯಲ್ಲಿದ್ದ ಕಾಯಿ ನೋಡಿದಳು.

"ಮಾವ, ಇನ್ನೊಂದು ಸಲ ಈ ಮನೇಲಿ ಯಾರಾದ್ರೂ, ನನ್ನನ್ನಾಗ್ಲಿ, ಅತ್ತೇನಾಗ್ಲಿ, ಮಗೂಗೆ ಏನ್ ತಿನ್ಸಿದೆ ಅಂತ ಕೇಳಿದ್ರೆ, ನಾನು ಆಮೇಲೆ..." ಎನ್ನುತ್ತಲೇ ಅವಳು ಮಗುವನ್ನು ಎದೆಗೆ ಒತ್ತಿಕೊಂಡು, ಮಂಜಿನಲ್ಲಿ ದೀಪ ಹೊತ್ತಿಸಿ ನಿಂತಿದ್ದ ಬಸ್ಸಿನ ಕಡೆಗೆ, ತಿರುಗಿ ನೋಡದೆ ನಡೆದಳು.